ಗ್ರೈಂಡರ್ ತಿರುಗುವಾಗ ಹ್ಯಾಂಗ್ ಆಗುತ್ತಿದ್ದ ಲ್ಯಾಪ್‌ಟಾಪ್: ಮಾಟುಂಗಾದ ಹೋಟೆಲೊಂದರ ಪ್ರಕರಣ

ಮುಂಬಯಿಯ ಮಾಟುಂಗಾ ಪೂರ್ವದ ಒಂದು ಉಡುಪಿ ಹೋಟೆಲಿನ ಲೆಕ್ಕಪತ್ರವೆಲ್ಲ ಇರುವುದು ಒಂದೇ ಲ್ಯಾಪ್‌ಟಾಪಿನಲ್ಲಿ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಗೋಡೆಗೆ ಕಬ್ಬಿಣದ ಆಂಗಲ್ ಹೊಡೆದು ಕೂರಿಸಿದ ಪ್ಲೈವುಡ್ ಹಲಗೆಯ ಮೇಲೆ ಅದು ಇರುತ್ತದೆ. ಟ್ಯಾಲಿಯಲ್ಲಿ ದಿನದ ವ್ಯಾಪಾರ, ಎಕ್ಸೆಲ್‌ನಲ್ಲಿ ಹುಡುಗರ ಸಂಬಳ, ತಿಂಗಳ 11ಕ್ಕೆ ಮತ್ತು 20ಕ್ಕೆ ಜಿಎಸ್‌ಟಿ ಪೋರ್ಟಲ್. ಲೆಕ್ಕ ನೋಡುವವನು ಧಣಿಗಳ ತಂಗಿಯ ಮಗ. ಕೆಲವು ತಿಂಗಳಿಂದ ಯಂತ್ರ ಹ್ಯಾಂಗ್ ಆಗುತ್ತಿತ್ತು. ದಿನಕ್ಕೆ ಒಮ್ಮೆಯೂ ಆಗದೆ ಹೋಗಬಹುದು, ಒಂದೇ ಮಧ್ಯಾಹ್ನ ಐದಾರು ಸಲ ಆಗಲೂಬಹುದು. ಅಷ್ಟರಲ್ಲಿ ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿಯಾಗಿತ್ತು, ಒಮ್ಮೆ ಫ್ಯಾನ್ ಸ್ವಚ್ಛ ಮಾಡಿಸಿಯಾಗಿತ್ತು, ಆಂಟಿವೈರಸ್ ಬದಲಾಗಿತ್ತು. ಕೊನೆಗೆ ಸಿಕ್ಕ ಉತ್ತರ: ಮದರ್‌ಬೋರ್ಡ್ ಹೋಗಿದೆ, ಹೊಸದೇ ತೆಗೆದುಕೊಳ್ಳಿ.

ಯಂತ್ರ 2018ರ ಖರೀದಿ. 15.6 ಇಂಚಿನ ಪರದೆ, ಇಂಟೆಲ್ ಐ5-8250ಯು ಪ್ರೊಸೆಸರ್. 8 ಜಿಬಿ ರ್ಯಾಮ್‌ನಲ್ಲಿ 4 ಜಿಬಿ ಬೋರ್ಡಿಗೇ ಬೆಸುಗೆ ಹಾಕಿದ್ದು, ಉಳಿದ 4 ಜಿಬಿ ಸ್ಲಾಟಿನಲ್ಲಿ ಸಿಕ್ಕಿಸಿದ್ದು. ವಿಂಡೋಸ್ ಇರುವುದು 256 ಜಿಬಿಯ ಎಂ.2 ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ಪಿನ ಡಿಸ್ಕಿನಲ್ಲಿ. ಟ್ಯಾಲಿಯ ದತ್ತಾಂಶ, ಬಿಲ್ಲುಗಳ ಸ್ಕ್ಯಾನ್, ಫೋಟೊ ಎಲ್ಲ 1 ಟಿಬಿಯ 2.5 ಇಂಚಿನ ಹಾರ್ಡ್ ಡಿಸ್ಕಿನಲ್ಲಿ, ಅಂದರೆ ಡಿ ಡ್ರೈವಿನಲ್ಲಿ. ಈ ವಿಂಗಡಣೆಯನ್ನು ನೆನಪಿಟ್ಟುಕೊಳ್ಳಿ, ಅರ್ಧ ಪ್ರಕರಣ ಇದರಲ್ಲೇ ಇದೆ. ಎರಡು ಸಲ ಫಾರ್ಮ್ಯಾಟ್ ಮಾಡಿದಾಗಲೂ ಸಿ ಡ್ರೈವ್ ಮಾತ್ರ ಹೊಸದಾಯಿತು, ಡಿ ಡ್ರೈವನ್ನು ಯಾರೂ ಮುಟ್ಟಲಿಲ್ಲ.

ರಿಪೇರಿ ಅಂಗಡಿಯ ಮೇಜಿನ ಮೇಲೆ ಈ ಲ್ಯಾಪ್‌ಟಾಪ್ ದಿನವಿಡೀ ಒಮ್ಮೆಯೂ ನಿಲ್ಲದೆ ಓಡುತ್ತಿತ್ತು. ಹಾಗಾಗಿ ಹ್ಯಾಂಗ್ ಆಗಿ ನಿಂತಿರುವ ಯಂತ್ರವನ್ನು ರಿಪೇರಿಯವರು ಯಾರೂ ಕಣ್ಣಾರೆ ನೋಡಿರಲಿಲ್ಲ. ಬಿಟ್ಟು ಬಿಟ್ಟು ಬರುವ ದೋಷದಲ್ಲಿ ಇದು ದೊಡ್ಡ ತೊಡಕು. ಅಂಥ ಯಂತ್ರವನ್ನು ಅದು ಕೆಲಸ ಮಾಡುವ ಜಾಗದಲ್ಲೇ ನೋಡಬೇಕು.

ಹ್ಯಾಂಗ್ ಆದಾಗ ಏನೇನು ಬದುಕಿದೆ

ಹ್ಯಾಂಗ್ ಎನ್ನುವ ಒಂದೇ ಮಾತಿನ ಕೆಳಗೆ ಬೇರೆ ಬೇರೆ ರೋಗಗಳಿರುತ್ತವೆ. ಅವನ್ನು ಬೇರ್ಪಡಿಸಲು ದುಬಾರಿ ಉಪಕರಣ ಬೇಡ. ಯಂತ್ರ ನಿಂತ ಕ್ಷಣದಲ್ಲಿ ಪವರ್ ಬಟನ್ ಒತ್ತುವ ಮೊದಲು ಒಂದೆರಡು ನಿಮಿಷ ಕೈಕಟ್ಟಿ ಕೂರುವ ತಾಳ್ಮೆ ಸಾಕು. ಹಲಗೆಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಸಲ ಇಷ್ಟನ್ನು ಬರೆಯಲು ಲೆಕ್ಕ ನೋಡುವ ಹುಡುಗನಿಗೆ ಹೇಳಲಾಯಿತು: ಗಂಟೆ ಮತ್ತು ನಿಮಿಷ, ತೆರೆದಿದ್ದ ಪ್ರೋಗ್ರಾಮುಗಳು, ಚಾರ್ಜರ್ ಇತ್ತೋ ಇಲ್ಲವೋ, ಮೌಸ್ ಬಾಣ ಚಲಿಸುತ್ತದೆಯೇ, ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹೊತ್ತಿ ಆರುತ್ತದೆಯೇ, ಕಂಟ್ರೋಲ್ ಆಲ್ಟ್ ಡಿಲೀಟ್‌ಗೆ ಉತ್ತರ ಬರುತ್ತದೆಯೇ, ತಾನಾಗಿ ಸರಿಹೋಯಿತೇ, ಹೋದರೆ ಎಷ್ಟು ಹೊತ್ತಿಗೆ.

ಕ್ಯಾಪ್ಸ್ ಲಾಕ್ ದೀಪದ ಪರೀಕ್ಷೆ ಚಿಕ್ಕದಾದರೂ ಬಹಳ ಹೇಳುತ್ತದೆ. ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಆ ದೀಪವನ್ನು ಹೊತ್ತಿಸುವಂತೆ ಹೇಳುವುದು ಆಪರೇಟಿಂಗ್ ಸಿಸ್ಟಮ್. ದೀಪ ಬದಲಾದರೆ ವಿಂಡೋಸ್‌ನ ತಿರುಳು ಇನ್ನೂ ಉಸಿರಾಡುತ್ತಿದೆ, ಅದು ಯಾವುದೋ ಉತ್ತರಕ್ಕಾಗಿ ಕಾಯುತ್ತಿದೆ ಎಂದರ್ಥ. ಬದಲಾಗದಿದ್ದರೆ ಎಲ್ಲವೂ ನಿಂತಿದೆ. ಪರದೆ ಮಾತ್ರ ನಿಂತಿದೆ ಎನಿಸಿದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜೊತೆ ಬಿ ಒತ್ತಿ ನೋಡಬೇಕು. ಒಂದು ಬೀಪ್ ಬಂದು ಪರದೆ ಮಿಣುಕಿ ಜೀವ ಬಂದರೆ ತಪ್ಪು ಗ್ರಾಫಿಕ್ಸ್ ಡ್ರೈವರಿನದು. ಇಲ್ಲಿ ಹಾಗಾಗಲಿಲ್ಲ.

ಒಂದು ವಾರದ ಹಾಳೆ ತುಂಬುವ ಹೊತ್ತಿಗೆ ಎರಡು ಜಾತಿ ಸ್ಪಷ್ಟವಾದವು. ಮೊದಲನೆಯದು ಹೆಚ್ಚು ಸಲ ಬರುವುದು: ಟ್ಯಾಲಿಯ ಕಿಟಕಿ ಬಿಳಚಿಕೊಂಡು ನಾಟ್ ರೆಸ್ಪಾಂಡಿಂಗ್ ಎನ್ನುತ್ತದೆ, ಮೌಸ್ ಬಾಣ ಓಡಾಡುತ್ತದೆ, ಕ್ಯಾಪ್ಸ್ ಲಾಕ್ ದೀಪ ಬದಲಾಗುತ್ತದೆ, ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಏನೂ ಆಗಿಲ್ಲವೆಂಬಂತೆ ಎಲ್ಲ ಮುಂದುವರಿಯುತ್ತದೆ. ಎರಡನೆಯದು ಅಪರೂಪ: ಬಾಣವೂ ಇಲ್ಲ, ದೀಪವೂ ಇಲ್ಲ, ಹಾಡು ಹಾಕಿದ್ದರೆ ಕೊನೆಯ ಒಂದು ಚೂರು ಗರ್ರ್ ಎಂದು ಸುತ್ತುತ್ತಲೇ ಇರುತ್ತದೆ. ಪವರ್ ಬಟನ್ ಒತ್ತಿ ಹಿಡಿಯದೆ ಗತಿಯಿಲ್ಲ.

ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಹಿಂದಿನ ಚಿಕಿತ್ಸೆಗಳು ದಾರಿ ತಪ್ಪಿದ್ದವು. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆಗ ಮದ್ದೇ ಸರಿಯಿಲ್ಲ ಎನಿಸುತ್ತದೆ.

ಮೊದಲು ನಕಲು, ಆಮೇಲೆ ದಾಖಲೆ

ಯಾವ ಪರೀಕ್ಷೆಗೂ ಮುಂಚೆ ಡಿ ಡ್ರೈವಿನ ಟ್ಯಾಲಿ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಸಲಾಯಿತು. ಡಿಸ್ಕಿನ ಆರೋಗ್ಯ ಗೊತ್ತಿಲ್ಲದಿರುವಾಗ ವಿಂಡೋಸ್‌ನ ಡಿಸ್ಕ್ ತಪಾಸಣೆ ಸಾಧನವಾದ ಚೆಕ್‌ಡಿಸ್ಕ್‌ನ ಪೂರ್ತಿ ಸ್ಕ್ಯಾನ್ ಹಚ್ಚುವ ಅಭ್ಯಾಸ ಬಹಳ ಕಡೆ ಇದೆ, ಅದು ಅಪಾಯ. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಓದಿಸುವುದೂ ಬರೆಸುವುದೂ ಅದರ ಕೊನೆಯನ್ನು ಹತ್ತಿರ ತರುತ್ತದೆ, ಇನ್ನೂ ಉಳಿಸಬಹುದಾಗಿದ್ದ ಕಡತಗಳೂ ಹೋಗುತ್ತವೆ. ನಕಲಿಲ್ಲದ ಡಿಸ್ಕಿಗೆ ರಿಪೇರಿ ಸಾಧನ ಮುಟ್ಟಿಸಬಾರದು.

ನಂತರ ಈವೆಂಟ್ ವ್ಯೂವರ್, ಅಂದರೆ ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ದಿನಚರಿ. ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ವಿಭಾಗ ತೆರೆದು, ಹಾಳೆಯಲ್ಲಿ ಬರೆದ ಪ್ರತಿ ಗಂಟೆಯ ಹಿಂದೆ ಮುಂದೆ ಏನಿದೆ ಎಂದು ಹೊಂದಿಸಿ ನೋಡಬೇಕು. ಅಲ್ಲಿ ಕೆಂಪು, ಹಳದಿ ಗುರುತುಗಳು ಆರೋಗ್ಯವಾಗಿರುವ ಯಂತ್ರದಲ್ಲೂ ನೂರಾರು ಇರುತ್ತವೆ. ಅವನ್ನೆಲ್ಲ ಓದುತ್ತ ಕೂತರೆ ಗಾಬರಿಯಷ್ಟೇ ಬರುತ್ತದೆ. ಸಮಯ ತಾಳೆಯಾಗುವುದನ್ನು ಮಾತ್ರ ನೋಡಬೇಕು.

ಮೊದಲ ಜಾತಿಯ ಪ್ರತಿ ಹ್ಯಾಂಗಿನ ಹೊತ್ತಿಗೂ ಎರಡು ನಮೂದುಗಳಿದ್ದವು. ಒಂದು, ಈವೆಂಟ್ 129: ಡಿಸ್ಕ್ ಉತ್ತರ ಕೊಡಲಿಲ್ಲ, ಅದಕ್ಕೆ ರಿಸೆಟ್ ಕಳಿಸಲಾಯಿತು. ಇನ್ನೊಂದು, ಈವೆಂಟ್ 153: ಇಂಥ ವಿಳಾಸದ ಓದು ಅಥವಾ ಬರಹವನ್ನು ಮತ್ತೆ ಪ್ರಯತ್ನಿಸಲಾಯಿತು. ಎರಡೂ ಬೊಟ್ಟು ಮಾಡುತ್ತಿದ್ದುದು ಡಿ ಡ್ರೈವಿರುವ ಹಾರ್ಡ್ ಡಿಸ್ಕಿನ ಕಡೆಗೆ. ಇದರಿಂದ ಅರ್ಧ ನಿಮಿಷದ ಮೌನಕ್ಕೆ ಕಾರಣ ಸಿಕ್ಕಿತು. ಡಿಸ್ಕಿಗೆ ಕಳಿಸಿದ ಕೋರಿಕೆಗೆ ಉತ್ತರ ಬಾರದಿದ್ದರೆ ವಿಂಡೋಸ್ ನಿಗದಿತ ಹೊತ್ತು ಕಾಯುತ್ತದೆ, ಆಮೇಲೆ ರಿಸೆಟ್ ಮಾಡಿ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ. ಕಾಯುವ ಹೊತ್ತಿನಲ್ಲಿ ಟ್ಯಾಲಿ ನಿಲ್ಲುತ್ತದೆ. ಫೈಲ್ ಎಕ್ಸ್‌ಪ್ಲೋರರ್ ಕೂಡ ಆ ಡಿಸ್ಕಿನ ಕಡೆ ನೋಡುತ್ತಿದ್ದರೆ ಟಾಸ್ಕ್‌ಬಾರ್ ಸಹಿತ ನಿಲ್ಲುತ್ತದೆ. ಆಗ ಎಂಡ್ ಟಾಸ್ಕ್ ಒತ್ತಿದರೂ ಪ್ರೋಗ್ರಾಮ್ ಸಾಯುವುದಿಲ್ಲ, ಏಕೆಂದರೆ ಡಿಸ್ಕಿನ ಉತ್ತರ ಬರುವ ತನಕ ಅದನ್ನು ಬಿಡಿಸುವಂತಿಲ್ಲ. ಟಾಸ್ಕ್ ಮ್ಯಾನೇಜರನ್ನು ಮೊದಲೇ ತೆರೆದಿಟ್ಟಿದ್ದರೆ ಒಂದು ವಿಚಿತ್ರ ನೋಟ ಕಾಣುತ್ತದೆ: ಆ ಡಿಸ್ಕ್ ಶೇ. 100 ಬಿಡುವಿಲ್ಲದೆ ಇದೆ, ಆದರೆ ಓದಿದ್ದೂ ಬರೆದದ್ದೂ ಸೊನ್ನೆ. ಈ ಎರಡು ಒಟ್ಟಿಗೆ ಕಂಡರೆ ವೈರಸ್ಸನ್ನು ಹುಡುಕಬೇಕಿಲ್ಲ.

153ರ ನಮೂದಿನಲ್ಲಿ ಡಿಸ್ಕಿನ ಯಾವ ವಿಳಾಸ ಎಂಬ ಸಂಖ್ಯೆ ಇರುತ್ತದೆ, ಹೆಚ್ಚಿನವರು ಅದನ್ನು ಓದುವುದಿಲ್ಲ. ಒಂದೇ ಆಸುಪಾಸಿನ ವಿಳಾಸಗಳು ಮರುಕಳಿಸಿದರೆ ಡಿಸ್ಕಿನ ತಟ್ಟೆಯ ಆ ಭಾಗ ಹಾಳಾಗಿದೆ. ಇಲ್ಲಿ ವಿಳಾಸಗಳು ಡಿಸ್ಕಿನ ಉದ್ದಗಲಕ್ಕೂ ಚೆದುರಿದ್ದವು. ತಟ್ಟೆ ಸಾಮಾನ್ಯವಾಗಿ ಎಲ್ಲೆಡೆ ಒಟ್ಟಿಗೆ ಕೆಡುವುದಿಲ್ಲ. ಅನುಮಾನ ಡಿಸ್ಕಿನಿಂದ ಸರಿದು, ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯ ಮೇಲೆ ಬಿತ್ತು.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪ್ರೋಗ್ರಾಮಿನಲ್ಲಿ ಕಂಡ ಡಿಸ್ಕಿನ ಸ್ಮಾರ್ಟ್ ಅಂಕಿಗಳು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ಅದನ್ನೇ ಹೇಳಿದವು. ಇದರಲ್ಲಿ ಕಚ್ಚಾ ಮೌಲ್ಯಗಳು ಹದಿನಾರರ ಎಣಿಕೆಯಲ್ಲಿ ತೋರುತ್ತವೆ, ಸೆಟ್ಟಿಂಗಿನಲ್ಲಿ ದಶಮಾನಕ್ಕೆ ಬದಲಿಸಿಕೊಂಡರೆ ಓದುವುದು ಸುಲಭ. 05, ಅಂದರೆ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳು (ಡಿಸ್ಕಿನ ಪುಟ್ಟ ಖಾನೆಗಳು): ಸೊನ್ನೆ. ಸಿ5, ಅಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು: ಸೊನ್ನೆ. ಸಿ7 ಮಾತ್ರ ಸಾವಿರ ದಾಟಿತ್ತು. ಸಿ7 ಎಣಿಸುವುದು ಸಿಆರ್‌ಸಿ ದೋಷಗಳನ್ನು. ಸಾಟಾ, ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ದಾರಿಯಲ್ಲಿ ಹೋಗುವ ಪ್ರತಿ ಕಂತಿಗೂ ಒಂದು ತಾಳೆ ಸಂಖ್ಯೆ ಇರುತ್ತದೆ, ತಲುಪಿದ ಕಡೆ ಅದು ಹೊಂದದಿದ್ದರೆ ಕಂತು ದಾರಿಯಲ್ಲೇ ಕೆಟ್ಟಿದೆ ಎಂದರ್ಥ. ಡಿಸ್ಕ್ ಒಳಗೆ ಚೆನ್ನಾಗಿದ್ದು ಸಿ7 ಮಾತ್ರ ಏರುತ್ತಿದ್ದರೆ ದೋಷ ಬಹುಪಾಲು ಕೇಬಲ್ಲಿನಲ್ಲಿ ಅಥವಾ ಕನೆಕ್ಟರಿನಲ್ಲಿ. ಒಂದು ಎಚ್ಚರ: ಈ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ಹಳೆಯ ಪೆಟ್ಟಿನ ಲೆಕ್ಕವೂ ಅದರಲ್ಲಿರುತ್ತದೆ. ಇವತ್ತಿನ ಅಂಕಿ ಬರೆದಿಟ್ಟು, ಮುಂದೆ ಏರುತ್ತದೆಯೇ ಎಂದು ನೋಡಬೇಕು. ಇಲ್ಲಿ ಏರುತ್ತಿತ್ತು.

ಗ್ರೈಂಡರಿನ ಸಂಬಂಧ

ಹಾಳೆಯ ಗಂಟೆಗಳು ಬೆಳಿಗ್ಗೆ ಆರರ ಸುಮಾರಿಗೆ ಒಂದು ಗುಂಪು, ಮಧ್ಯಾಹ್ನ ಮೂರರಿಂದ ಐದರೊಳಗೆ ಇನ್ನೊಂದು ಗುಂಪು ಎಂದು ಬಿದ್ದಿದ್ದವು. ಹುಡುಗ ಅದನ್ನು ಮೊದಲೇ ಗಮನಿಸಿದ್ದ. “ಮಾವ, ಚಟ್ನಿ ರುಬ್ಬುವಾಗ, ಹಿಟ್ಟು ರುಬ್ಬುವಾಗಲೇ ಇದು ನಿಲ್ಲುವುದು” ಎಂದು ಹೇಳಿಯೂ ಇದ್ದ. “ಗ್ರೈಂಡರಿಗೂ ಕಂಪ್ಯೂಟರಿಗೂ ಎಂತ ಸಂಬಂಧ ಮಾರಾಯ” ಎಂದು ಧಣಿಗಳು ಮಾತು ಮುಗಿಸಿದ್ದರು. ಯಂತ್ರದ ಜೊತೆ ದಿನವಿಡೀ ಕೂರುವವರು ಹೇಳುವ ಇಂಥ ಮಾತನ್ನು ತಳ್ಳಿಹಾಕಬಾರದು. ಕಾರಣ ಅವರಿಗೆ ಗೊತ್ತಿಲ್ಲದಿರಬಹುದು, ಹೊತ್ತು ಗೊತ್ತಿರುತ್ತದೆ.

ಸಂಬಂಧ ಎರಡು ಬಗೆಯದಾಗಿರಬಹುದು. ದೊಡ್ಡ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಅದು ಚಾರ್ಜರಿನ ಮೂಲಕ ಯಂತ್ರಕ್ಕೆ ತಾಗುತ್ತಿರಬಹುದು. ಇಲ್ಲವೆ 10 ಲೀಟರಿನ ಟಿಲ್ಟಿಂಗ್ ಗ್ರೈಂಡರಿನ ಅದುರುವಿಕೆ ಗೋಡೆಯಿಂದ ಆಂಗಲ್ಲಿಗೆ, ಆಂಗಲ್ಲಿನಿಂದ ಹಲಗೆಗೆ ಏರುತ್ತಿರಬಹುದು. ಗ್ರೈಂಡರ್ ಇರುವುದು ಅದೇ ಗೋಡೆಗೆ ಒತ್ತಿಕೊಂಡು, ನೇರ ಕೆಳಗೆ. ನೀರು ತುಂಬಿದ ಲೋಟವನ್ನು ಹಲಗೆಯ ಮೇಲಿಟ್ಟರೆ ಗ್ರೈಂಡರ್ ತಿರುಗುವಷ್ಟು ಹೊತ್ತೂ ನೀರಿನ ಮೇಲೆ ಸಣ್ಣ ಉಂಗುರಗಳು ನಿಲ್ಲದೆ ಏಳುತ್ತಿದ್ದವು.

ಯಾವುದು ಎಂದು ತಿಳಿಯಲು ಸ್ಕ್ರೂ ಬಿಚ್ಚಬೇಕಾಗಿರಲಿಲ್ಲ. ಡಿ ಡ್ರೈವಿನ ಹತ್ತು ಜಿಬಿಯಷ್ಟು ಫೋಟೊಗಳನ್ನು ಸಿ ಡ್ರೈವಿಗೆ ನಕಲು ಮಾಡುವ ಒಂದೇ ಕೆಲಸವನ್ನು ಬೇರೆ ಬೇರೆ ಸ್ಥಿತಿಯಲ್ಲಿ ಮಾಡಿಸಲಾಯಿತು. ಗ್ರೈಂಡರ್ ನಿಂತಿದ್ದಾಗ ಹಲಗೆಯ ಮೇಲೆ: ನಕಲು ಸರಾಗ, ಸಿ7 ಅಲ್ಲೇ ಇತ್ತು. ಗ್ರೈಂಡರ್ ಓಡುವಾಗ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ, ಹಲಗೆಯ ಮೇಲೆ: ಮೂರ್ನಾಲ್ಕು ನಿಮಿಷದಲ್ಲಿ ಹ್ಯಾಂಗ್, ಸಿ7 ಏರಿತು. ಹಾಗಾದರೆ ಕರೆಂಟಿನದಲ್ಲ. ಗ್ರೈಂಡರ್ ಓಡುವಾಗ, ಚಾರ್ಜರ್ ಹಾಕಿಕೊಂಡೇ, ಆದರೆ ಹಲಗೆ ಬಿಟ್ಟು ಅಟ್ಟದ ನಡುವೆ ಕುರ್ಚಿಯ ಮೇಲೆ ದಪ್ಪ ಬಟ್ಟೆ ಮಡಿಸಿಟ್ಟು: ಹ್ಯಾಂಗ್ ಇಲ್ಲ. ಎಂದಿನ ಸ್ಥಿತಿಯಿಂದ ಪ್ರತಿ ಸಲ ಒಂದೇ ಸಂಗತಿಯನ್ನು ಬದಲಿಸಿದ್ದರಿಂದ ಉತ್ತರದಲ್ಲಿ ಗೊಂದಲ ಉಳಿಯಲಿಲ್ಲ. ಚಾರ್ಜರನ್ನೂ ಜಾಗವನ್ನೂ ಒಟ್ಟಿಗೆ ಬದಲಿಸಿದ್ದರೆ ಹ್ಯಾಂಗ್ ನಿಲ್ಲುತ್ತಿತ್ತು, ಯಾವುದರಿಂದ ನಿಂತಿತು ಎಂಬುದು ಗೊತ್ತಾಗುತ್ತಿರಲಿಲ್ಲ.

ಅದುರುವಿಕೆಯಿಂದ ತಿರುಗುವ ಡಿಸ್ಕಿನ ತಟ್ಟೆಯನ್ನು ಓದುವ ಹೆಡ್ ದಾರಿ ತಪ್ಪಿ ಓದು ನಿಧಾನವಾಗುವುದೂ ಉಂಟು. ಆದರೆ ಅದು ಡಿಸ್ಕಿನ ಒಳಗಿನ ವ್ಯವಹಾರ, ಸಿ7ನ್ನು ಏರಿಸುವುದಿಲ್ಲ. ಇಲ್ಲಿ ಏರಿದ್ದು ಸಿ7 ಆದ್ದರಿಂದ ಅದುರಿದ್ದು ಜೋಡಣೆ.

ತೆರೆದು ನೋಡಿದಾಗ

20ರ ಜಿಎಸ್‌ಟಿ ವಿವರ, ಅಂದರೆ ಜಿಎಸ್‌ಟಿಆರ್-3ಬಿ, ಸಲ್ಲಿಸಿ ಮುಗಿಯುವ ತನಕ ಲ್ಯಾಪ್‌ಟಾಪ್ ಕುರ್ಚಿಯ ಮೇಲೆಯೇ ಕೆಲಸ ಮಾಡಿತು. ಆಮೇಲೆ ಬಿಚ್ಚಲಾಯಿತು.

ತಳದ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು, ನಂತರ ಪವರ್ ಬಟನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಬೇಕು. ಕಾಗದದ ಮೇಲೆ ತಳದ ಚಿತ್ರ ಗೀಚಿಕೊಂಡು, ತೆಗೆದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಟೇಪಿನಿಂದ ಅಂಟಿಸಿಡಬೇಕು. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದು ಕೀಲಿಮಣೆಯ ಕಡೆಯ ಪ್ಲಾಸ್ಟಿಕ್ಕನ್ನೋ ಬೋರ್ಡನ್ನೋ ಚುಚ್ಚುತ್ತದೆ. ಬ್ಯಾಟರಿ ಉಬ್ಬಿದೆಯೇ ಎಂದು ಇದೇ ಹೊತ್ತಿಗೆ ನೋಡಿಕೊಳ್ಳಬೇಕು. ಇಲ್ಲಿ ಉಬ್ಬಿರಲಿಲ್ಲ.

ಹಾರ್ಡ್ ಡಿಸ್ಕಿನ ತಗಡಿನ ಚೌಕಟ್ಟನ್ನು ದೇಹಕ್ಕೆ ಹಿಡಿದಿಡಬೇಕಾದ ನಾಲ್ಕು ಸ್ಕ್ರೂಗಳಲ್ಲಿ ಇದ್ದದ್ದು ಒಂದು. ಸುತ್ತಲಿನ ರಬ್ಬರ್ ಪಟ್ಟಿ ಇಲ್ಲವೇ ಇಲ್ಲ. ಬೆರಳಿನಿಂದ ತಳ್ಳಿದರೆ ಡಿಸ್ಕ್ ಒಂದು ಮಿಲಿಮೀಟರಿನಷ್ಟು ಅತ್ತಿತ್ತ ಸರಿಯುತ್ತಿತ್ತು. ಡಿಸ್ಕಿನಿಂದ ಬೋರ್ಡಿಗೆ ಹೋಗುವುದು ಒಂದು ಚಪ್ಪಟೆ ರಿಬ್ಬನ್ ಕೇಬಲ್. ಡಿಸ್ಕಿನ ತುದಿಯಲ್ಲಿ 22 ಪಿನ್ನಿನ ಸಾಟಾ ಕನೆಕ್ಟರ್, ಬೋರ್ಡಿನ ತುದಿಯಲ್ಲಿ ಎತ್ತಿ ಒತ್ತುವ ಪುಟ್ಟ ಕೊಂಡಿ. ಆ ಕೊಂಡಿ ಒಂದು ಬದಿ ಮಾತ್ರ ಕೂತಿತ್ತು, ಇನ್ನೊಂದು ಬದಿ ಕೂದಲೆಳೆಯಷ್ಟು ಎದ್ದಿತ್ತು. ರಿಬ್ಬನ್ನಿನ ಚಿನ್ನದ ಗೆರೆಗಳ ಮೇಲೆ ತಿಳಿ ಕಂದು ಪೊರೆ, ಮುಟ್ಟಿದರೆ ಜಿಡ್ಡು. ಕೆಳಗೆ ದಿನವಿಡೀ ಕಾಯುವ ಎಣ್ಣೆ, ಇಡ್ಲಿಯ ಹಬೆ, ಮೇಲೆ ಮುಂಬಯಿಯ ತೇವದ ಗಾಳಿ. ಅಡುಗೆಮನೆಯ ಮೇಲೆ ಕೂತ ಯಾವ ಯಂತ್ರವನ್ನು ತೆರೆದರೂ ಈ ಜಿಡ್ಡು ಕಾಣುತ್ತದೆ.

ಇಲ್ಲಿ ಬಹಳ ಜನ ಮಾಡುವ ಕೆಲಸವೆಂದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು. ಹಳೆಯ ರಿಬ್ಬನ್ನಿನ ಮೇಲೆಯೇ ಎಸ್‌ಎಸ್‌ಡಿ ಕೂರಿಸಿದ್ದರೆ ಅದೇ ಹ್ಯಾಂಗ್ ಮರುದಿನ ಬರುತ್ತಿತ್ತು, ಏಕೆಂದರೆ ಕೆಡುತ್ತಿದ್ದುದು ದಾರಿ. ಮೊದಲು ರಿಬ್ಬನ್ ಬದಲಾಗಬೇಕು. ಅದರ ಮೇಲೆಯೇ ಅಚ್ಚಾಗಿರುವ ಪಾರ್ಟ್ ನಂಬರ್ ಪೂರ್ತಿ ಬರೆದುಕೊಂಡು, ಹಳೆಯದನ್ನೂ ಕೈಯಲ್ಲಿ ಹಿಡಿದು ಗ್ರಾಂಟ್ ರೋಡಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದು ಒಳ್ಳೆಯದು. ಲ್ಯಾಪ್‌ಟಾಪಿನ ಮಾದರಿ ಹೆಸರೊಂದನ್ನೇ ಹೇಳಿ ತಂದರೆ ತಪ್ಪು ರಿಬ್ಬನ್ ಬರುವ ಸಂಭವ ಹೆಚ್ಚು. ಒಂದೇ ಮಾದರಿಯಲ್ಲಿ ಬೋರ್ಡ್ ಬದಲಾದಂತೆ ಪಿನ್ನುಗಳ ಸಂಖ್ಯೆಯೂ, ಚಿನ್ನದ ಗೆರೆ ಯಾವ ಮಗ್ಗುಲಿಗಿದೆ ಎಂಬುದೂ ಬದಲಾಗುತ್ತದೆ. ಉದ್ದ, ಪಿನ್, ಗೆರೆಯ ಮಗ್ಗುಲು ಮೂರನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿಯೇ ತರಬೇಕು.

ಹೊಸ ರಿಬ್ಬನ್, ಮೂರು ಸ್ಕ್ರೂ, ಎರಡು ಬದಿಗೆ ತೆಳು ರಬ್ಬರ್ ಪಟ್ಟಿ. ಕೊಂಡಿಯನ್ನು ಎರಡೂ ತುದಿಯಲ್ಲಿ ಒಟ್ಟಿಗೆ ಒತ್ತಿ ಕೂರಿಸಬೇಕು, ಒಂದೇ ಬದಿ ಒತ್ತಿದರೆ ಮತ್ತೆ ಓರೆಯಾಗುತ್ತದೆ. ಜೋಡಿಸಿ, ಗ್ರೈಂಡರ್ ಓಡುತ್ತಿರುವಾಗಲೇ ಅದೇ ಹಲಗೆಯ ಮೇಲೆ ಅದೇ ಹತ್ತು ಜಿಬಿ ನಕಲು: 129 ಇಲ್ಲ, 153 ಇಲ್ಲ, ಸಿ7 ಕದಲಲಿಲ್ಲ. ಇದು ಸಾಬೀತಾದ ಮೇಲೆ, ತಿರುಗುವ ಡಿಸ್ಕನ್ನು ಅದುರುವ ಹಲಗೆಯ ಮೇಲೆ ಬಿಡುವುದು ಬೇಡವೆಂದು 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಹಾಕಲಾಯಿತು. ಅದು ಮುನ್ನೆಚ್ಚರಿಕೆ, ಚಿಕಿತ್ಸೆಯಾದದ್ದು ರಿಬ್ಬನ್.

ಎರಡನೆಯ ಜಾತಿ

ಮೊದಲ ಜಾತಿಯ ಹ್ಯಾಂಗ್ ನಿಂತಿತು, ಎರಡನೆಯದು ಮುಂದುವರಿಯಿತು. ಇದು ನಿರೀಕ್ಷಿಸಿದ್ದೇ. ದಾಖಲೆಯಲ್ಲಿ ಆ ಹ್ಯಾಂಗುಗಳ ಮುಂಚೆ ಏನೂ ಇರಲಿಲ್ಲ. ನಂತರದ ಆರಂಭದಲ್ಲಿ ಮಾತ್ರ ಕರ್ನಲ್-ಪವರ್ 41 ಇತ್ತು, ವಿವರದಲ್ಲಿ ಬಗ್‌ಚೆಕ್ ಕೋಡ್ 0, ಪವರ್ ಬಟನ್ ಸಮಯದ ಜಾಗದಲ್ಲಿ ಒಂದು ದೊಡ್ಡ ಸಂಖ್ಯೆ. ಬಟನ್ ಒತ್ತಿ ಹಿಡಿದು ಆರಿಸಲಾಗಿದೆ, ವಿಂಡೋಸ್‌ಗೆ ತನ್ನ ಸಾವಿನ ಕಾರಣ ಬರೆಯಲು ಬಿಡುವೇ ಸಿಗಲಿಲ್ಲ ಎಂಬುದು ಇದರ ಅರ್ಥ. 41 ಕಂಡ ಕೂಡಲೇ ಪವರ್ ಸಪ್ಲೈ ಕೆಟ್ಟಿದೆ ಎನ್ನುವವರಿದ್ದಾರೆ. ಅದು ಪರಿಣಾಮದ ನಮೂದು, ಕಾರಣದ್ದಲ್ಲ.

ಹುಡುಗನ ಮೊಬೈಲಿನಲ್ಲಿ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯ ಎರಡು ಫೋಟೊ ಇದ್ದವು. ಒಂದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದರಲ್ಲಿ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. ಡ್ರೈವರ್ ಕೆಟ್ಟಿದ್ದರೆ ನೀಲಿ ಪರದೆ ಸಾಮಾನ್ಯವಾಗಿ ಒಂದೇ ಹೆಸರು ಹೇಳುತ್ತದೆ. ಸಲಕ್ಕೊಂದು ಹೆಸರು ಹೇಳಿದರೆ ರ್ಯಾಮ್ ನೋಡಬೇಕು. ಈ ಹ್ಯಾಂಗುಗಳಿಗೆ ಗ್ರೈಂಡರಿನ ಹೊತ್ತಿನ ಹಂಗಿರಲಿಲ್ಲ. ಟ್ಯಾಲಿ, ಎಕ್ಸೆಲ್, ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ಎಲ್ಲ ತೆರೆದು ಗಂಟೆಯ ಮೇಲಾದಾಗ ಬರುತ್ತಿದ್ದವು.

ಹಿಂದೆ ಫ್ಯಾನ್ ಸ್ವಚ್ಛ ಮಾಡಿಸಿದ ಮೇಲೆ ಕೆಲವು ವಾರ ಈ ಜಾತಿ ಕಡಿಮೆಯಾಗಿತ್ತು. ಹಾಗಾಗಿ ಬಿಸಿಯೇ ಕಾರಣ ಎಂಬ ನಂಬಿಕೆ ಗಟ್ಟಿಯಾಗಿತ್ತು. ಬಿಸಿಯ ವಿಷಯ ಸ್ವಲ್ಪ ನಿಂತು ಹೇಳಬೇಕು. ಈ ಪ್ರೊಸೆಸರಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದರ ಹತ್ತಿರ ಬಂದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸುತ್ತದೆ, ಯಂತ್ರ ಎಮ್ಮೆಯಂತೆ ನಡೆಯುತ್ತದೆ. ಆಮೇಲೂ ಏರಿದರೆ ಪಟ್ಟನೆ ಆರುತ್ತದೆ. ಬಿಸಿಯ ಲಕ್ಷಣ ನಿಧಾನ ಅಥವಾ ಆರುವುದು. ದೀಪ ಹೊತ್ತಿಕೊಂಡೇ ಕಲ್ಲಾಗಿ ನಿಲ್ಲುವುದು ಬಿಸಿಯೊಂದರಿಂದಲೇ ಆಗುವುದು ಕಡಿಮೆ. ಆದರೆ ಬಿಸಿ ದುರ್ಬಲವಾಗಿರುವ ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಬಿಸಿಯ ಅಂಕಿ ತೋರಿಸುವ ಎಚ್‌ಡಬ್ಲ್ಯುಇನ್ಫೊ ಪ್ರೋಗ್ರಾಮಿನಲ್ಲಿ ನೋಡಿದಾಗ ಕೆಲಸದ ಹೊತ್ತಿನಲ್ಲಿ ಪ್ರೊಸೆಸರ್ 96 ಡಿಗ್ರಿ ಮುಟ್ಟುತ್ತಿತ್ತು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹಿಟ್ಟಿನ ದೂಳೂ ಎಣ್ಣೆಯೂ ಸೇರಿ ಕಂಬಳಿಯ ಚೂರಿನಂಥ ಪದರ ಮತ್ತೆ ಕಟ್ಟಿತ್ತು. ಅದನ್ನು ಗಾಳಿ ಊದಿ ತೆಗೆಯಲು ಬರುವುದಿಲ್ಲ, ಜಿಡ್ಡು ಹಿಡಿದಿರುತ್ತದೆ. ಫ್ಯಾನ್ ಬಿಚ್ಚಿ, ಚಿಮಟದಿಂದ ಎಳೆದು, ಬ್ರಷ್ಷಿಗೆ ಆಲ್ಕೊಹಾಲ್ ಹಚ್ಚಿ ಉಜ್ಜಬೇಕು. ಹಾಗಿದ್ದೂ ಅದನ್ನು ಆಗಲೇ ತೆಗೆಯಲಿಲ್ಲ. ಮೊದಲು ರ್ಯಾಮ್ ಪರೀಕ್ಷೆ ಬಿಸಿಯಲ್ಲೇ ಆಗಬೇಕಿತ್ತು.

ಪರೀಕ್ಷೆಗೆ ಪೆನ್‌ಡ್ರೈವಿನಿಂದ ಆರಂಭವಾಗುವ ಮೆಮ್‌ಟೆಸ್ಟ್86. ಉಚಿತ ಆವೃತ್ತಿ 4 ಪಾಸ್, ಅಂದರೆ ನಾಲ್ಕು ಪೂರ್ತಿ ಸುತ್ತು ಓಡಿಸುತ್ತದೆ, ರಾತ್ರಿ ಹಚ್ಚಿ ಬಿಟ್ಟರೆ ಬೆಳಗಾಗುವಾಗ ಫಲಿತಾಂಶ ಸಿಗುತ್ತದೆ. ಬಯಾಸ್, ಅಂದರೆ ವಿಂಡೋಸ್‌ಗೂ ಮುಂಚೆ ಏಳುವ ತಂತ್ರಾಂಶದ ಸೆಟ್ಟಿಂಗ್ ಮುಟ್ಟಬೇಕಾಗಿ ಬಂದರೆ, ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಯಂತ್ರದಲ್ಲಿ ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಯಂತ್ರ ಅದನ್ನು ಕೇಳಿದಾಗ ದಾರಿ ಮುಚ್ಚುತ್ತದೆ.

ಮೊದಲ ಪಾಸಿನಲ್ಲಿ ಒಂದೂ ತಪ್ಪಿಲ್ಲ. ಅಲ್ಲಿಗೇ ನಿಲ್ಲಿಸುವವರು ರ್ಯಾಮ್ ಚೆನ್ನಾಗಿದೆ ಎಂದು ಬರೆದುಬಿಡುತ್ತಾರೆ. ಎರಡನೆಯ ಪಾಸಿನ ನಡುವೆ, ಯಂತ್ರ ಪೂರ್ತಿ ಕಾದ ಮೇಲೆ, ಕೆಂಪು ಸಾಲುಗಳು ಬರತೊಡಗಿದವು. ಪ್ರತಿ ಸಾಲಿನಲ್ಲೂ ಇರಬೇಕಾದ ಮೌಲ್ಯ, ಇದ್ದ ಮೌಲ್ಯ, ಎರಡರ ವ್ಯತ್ಯಾಸ ಇರುತ್ತದೆ. ವಿಳಾಸಗಳು ಬೇರೆ ಬೇರೆ, ತಪ್ಪಿದ ಬಿಟ್, ಅಂದರೆ ಸೊನ್ನೆ-ಒಂದರ ಸ್ಥಾನ, ಮಾತ್ರ ಪ್ರತಿ ಸಲ ಒಂದೇ. ಅಂದರೆ ರ್ಯಾಮಿನ ಯಾವುದೋ ಮೂಲೆಯ ಕೋಶಗಳು ಕೆಟ್ಟದ್ದಲ್ಲ, ಒಂದು ದತ್ತಾಂಶ ಗೆರೆಯಲ್ಲಿ ತೊಂದರೆ. ಆ ಗೆರೆ ಸ್ಲಾಟಿನ ಸಂಪರ್ಕದಲ್ಲಿ ಸಡಿಲವಾಗಿರಬಹುದು, ರ್ಯಾಮ್ ಪಟ್ಟಿಯ ಚಿಪ್ಪಿನಲ್ಲೇ ಸೋತಿರಬಹುದು.

ಪಟ್ಟಿಯನ್ನು ತೆಗೆದು ಬೋರ್ಡಿನ 4 ಜಿಬಿಯೊಂದರಲ್ಲೇ ಓಡಿಸಿದರೆ ನಾಲ್ಕೂ ಪಾಸ್ ಸ್ವಚ್ಛ. ಬೆಸುಗೆ ಹಾಕಿದ ರ್ಯಾಮ್ ಕೆಟ್ಟಿದ್ದರೆ ಮದರ್‌ಬೋರ್ಡ್ ಹೋಗಿದೆ ಎಂಬ ಮಾತು ನಿಜವಾಗುತ್ತಿತ್ತು. ಅದು ಹೀಗೆ ಬಿದ್ದುಹೋಯಿತು. ಮುಂದೆ ಪಟ್ಟಿಯ 260 ಸಂಪರ್ಕಗಳನ್ನು ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಎರಡೂ ಬದಿ ಒರೆಸಲಾಯಿತು. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಎಲ್ಲ ಕಡೆ ಇದೆ. ಅದು ಚಿನ್ನದ ತೆಳು ಲೇಪವನ್ನು ಸವೆಸುತ್ತದೆ, ಪುಡಿಯನ್ನು ಸ್ಲಾಟಿನೊಳಗೆ ಬಿಡುತ್ತದೆ. ಸ್ಲಾಟಿಗೆ ಒಣ ಮೆತ್ತನೆಯ ಬ್ರಷ್ ಸಾಕು. ಹತ್ತು ನಿಮಿಷ ಆರಲು ಬಿಟ್ಟು, ಪಟ್ಟಿಯನ್ನು ಓರೆಯಾಗಿ ಚಿನ್ನದ ಅಂಚು ಹೆಚ್ಚುಕಡಿಮೆ ಮುಚ್ಚುವಷ್ಟು ತಳ್ಳಿ, ಆಮೇಲೆ ಕೆಳಕ್ಕೆ ಒತ್ತಬೇಕು. ಎರಡೂ ಬದಿಯ ಕೊಕ್ಕೆಗಳು ಟಕ್ಕೆನ್ನಬೇಕು.

ಒರೆಸಿದ ಮೇಲೆ ತಪ್ಪುಗಳು ಕಡಿಮೆಯಾದವು, ಹೋಗಲಿಲ್ಲ. ಕಡಿಮೆಯಾಯಿತು ಎಂದರೆ ವಾಸಿಯಾದಂತಲ್ಲ, ರ್ಯಾಮ್ ಪರೀಕ್ಷೆಯಲ್ಲಿ ಒಂದೇ ತಪ್ಪು ಬಂದರೂ ಅದು ತಪ್ಪೇ. ಅದೇ ಪಟ್ಟಿಯನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ಓಡಿಸಿದಾಗ, ಕಾದ ಮೇಲೆ ಅದೇ ಬಿಟ್ ಅಲ್ಲೂ ತಪ್ಪಿತು. ಸ್ಲಾಟ್ ನಿರ್ದೋಷಿ, ಪಟ್ಟಿ ಕೆಟ್ಟದ್ದು.

ಬದಲಿಗೆ 8 ಜಿಬಿಯ ಡಿಡಿಆರ್4 ಪಟ್ಟಿ, 1.2 ವೋಲ್ಟಿನದು. ಈ ಪ್ರೊಸೆಸರ್ ಬಯಸುವುದು 2400 ವೇಗ. ಅಂಗಡಿಯಲ್ಲಿ 2666 ಸಿಕ್ಕಿದರೂ ಅಡ್ಡಿಯಿಲ್ಲ, ಅದು 2400ಕ್ಕೆ ಇಳಿದು ಓಡುತ್ತದೆ. ಹೊಸ ಪಟ್ಟಿಯೊಂದಿಗೂ ನಾಲ್ಕು ಪಾಸ್ ಪರೀಕ್ಷೆ ಕಡ್ಡಾಯ, ಹೊಸದು ಎಂಬುದು ಪ್ರಮಾಣಪತ್ರವಲ್ಲ. ಅದು ಸ್ವಚ್ಛವಾಗಿ ಮುಗಿದ ಮೇಲೆಯೇ ಹೀಟ್‌ಸಿಂಕ್ ತೊಳೆದು, ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ತೆಗೆದು ಹೊಸದಾಗಿ ತೆಳ್ಳಗೆ ಹಚ್ಚಲಾಯಿತು. 96ರ ಜಾಗದಲ್ಲಿ 80 ದಾಟುವುದು ನಿಂತಿತು.

ಹಾರ್ಡ್‌ವೇರ್ ಸರಿಯಾದ ಮೇಲೆ ಉಳಿದ ಕೆಲಸ

ಕೆಟ್ಟ ರ್ಯಾಮ್ ಇದ್ದಾಗ ಬರೆದ ಯಾವ ಕಡತವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಎರಡು ಸಲ ಹೊಸದಾಗಿ ಹಾಕಿದ ವಿಂಡೋಸ್ ಕೂಡ ಆ ರ್ಯಾಮಿನ ಮೂಲಕವೇ ಡಿಸ್ಕಿಗೆ ಇಳಿದದ್ದು. ಹಾಗಾಗಿ ರ್ಯಾಮ್ ಬದಲಾದ ನಂತರ, ಈ ಕ್ರಮದಲ್ಲಿ: ಮೊದಲು ವಿಂಡೋಸ್‌ನದೇ ಸಾಧನವಾದ ಡಿಸ್ಮ್‌ನಿಂದ ವಿಂಡೋಸ್‌ನ ಮೂಲ ಪ್ರತಿಯ ದುರಸ್ತಿ, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್. ಎಸ್‌ಎಫ್‌ಸಿ ಕೆಲವು ಕೆಟ್ಟ ಕಡತಗಳನ್ನು ಹುಡುಕಿ ಸರಿಮಾಡಿತು. ಇದನ್ನೇ ಕೆಟ್ಟ ರ್ಯಾಮ್ ಇರುವಾಗ ಓಡಿಸಿದರೆ ಒಳ್ಳೆಯ ಕಡತದ ಮೇಲೆ ತಪ್ಪನ್ನು ಬರೆಯುವ ಅಪಾಯವಿದೆ. ಟ್ಯಾಲಿಯ ದತ್ತಾಂಶಕ್ಕೆ ಇನ್ನೊಂದು ಬ್ಯಾಕಪ್ ತೆಗೆದುಕೊಂಡು, ಅದರ ಡೇಟಾ ಮೆನುವಿನ ರಿಪೇರಿ ಓಡಿಸಿ, ಸಲ್ಲಿಸಿದ ಜಿಎಸ್‌ಟಿ ವಿವರಗಳ ತಿಂಗಳ ಮೊತ್ತಗಳೊಂದಿಗೆ ತಾಳೆ ನೋಡಲಾಯಿತು. ಮೊತ್ತಗಳು ಕೂಡಿದವು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಎಂಟನೆಯ ತಲೆಮಾರಿನ ಈ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿಯಲ್ಲಿ ಇರುವುದರಿಂದ, 12 ಜಿಬಿ ರ್ಯಾಮ್ ಆದ ಮೇಲೆ ಅದಕ್ಕೆ ಏರಿಸಲಾಯಿತು. ಹಲಗೆಯ ಆಂಗಲ್ಲುಗಳನ್ನು ಗ್ರೈಂಡರಿನ ಗೋಡೆಯಿಂದ ಕಿತ್ತು ಎದುರಿನ ಗೋಡೆಗೆ ಹೊಡೆಸಿಯಾಯಿತು. ಗ್ರೈಂಡರಿನ ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್ ಬಂತು. ಜಿಡ್ಡು ಮತ್ತೆ ಕಟ್ಟುವುದು ಖಚಿತ, ಆದ್ದರಿಂದ ಹೀಟ್‌ಸಿಂಕನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. ಮನೆಯಲ್ಲಿಡುವ ಲ್ಯಾಪ್‌ಟಾಪಿಗೆ ಇಷ್ಟು ಬೇಗ ಬೇಡ.

ತೆಗೆದ ಹಾರ್ಡ್ ಡಿಸ್ಕಿನಲ್ಲಿ 05 ಮತ್ತು ಸಿ5 ಇನ್ನೂ ಸೊನ್ನೆಯಲ್ಲೇ ಇವೆ. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ, ಪ್ರತಿ ಸೋಮವಾರ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಟ್ಯಾಲಿಯ ನಕಲು ತೆಗೆದು, ಹೋಟೆಲಿನಲ್ಲಿ ಬಿಡದೆ ಧಣಿಗಳ ಮನೆಗೆ ಒಯ್ಯುವ ವ್ಯವಸ್ಥೆಯಾಗಿದೆ.